ಮೂಗಿಗೆ ಮೊದಲು ದಕ್ಕಿದ್ದು

ಪಾಂಡವಪುರದಿಂದ ಕ್ಯಾತನಹಳ್ಳಿ ದಿಕ್ಕಿಗೆ ಹೊರಟವರಿಗೆ ಆಲೆಮನೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಗದ್ದೆಯಾಚೆಯ ಹೊಗೆ ಇನ್ನೂ ಕಂಡಿರುವುದಿಲ್ಲ, ಬೈಕಿನ ಹಿಂದೆ ಕೂತವರು ಆಗಲೇ ‘ಎಲ್ಲೋ ಬೆಲ್ಲ ಇಳಿಸ್ತಾವ್ರೆ’ ಎಂದಿರುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಕಬ್ಬಿನದೇ ನಾಡಾಗಿಬಿಟ್ಟ ಸೀಮೆ ಇದು. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು ಕ್ಯಾತನಹಳ್ಳಿ. ಕಬ್ಬಿನ ಬೆಲೆ, ಕಟಾವು, ಕಾರ್ಖಾನೆಯ ಬಾಕಿ ಇವುಗಳ ಮಾತಿಲ್ಲದ ಅರಳಿಕಟ್ಟೆ ಈ ಸುತ್ತಿನಲ್ಲಿ ಸಿಗುವುದು ಕಷ್ಟ. ಆದರೆ ವಾಸನೆಯ ಮಾತನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಅದನ್ನು ಎತ್ತುವವರು ಊರು ಬಿಟ್ಟವರು.

ಹಬ್ಬಕ್ಕೋ ತಿಥಿಗೋ ಬೆಂಗಳೂರಿನಿಂದ ಬಂದವರು ಆಲೆಮನೆ ಹತ್ತಿರ ಕಾರು ನಿಲ್ಲಿಸುತ್ತಾರೆ. ಗಾಜು ಇಳಿಸಿ ಒಂದು ಉಸಿರು ಒಳಗೆಳೆದುಕೊಂಡರೆ ಮುಗಿಯಿತು. ಅಜ್ಜನ ಹೆಗಲ ಮೇಲಿನ ಟವಲು, ಕಬ್ಬಿನ ತುಂಡಿಗೆ ಅಂಟಿಸಿಕೊಟ್ಟ ಬಿಸಿ ಪಾಕ, ಆತುರಕ್ಕೆ ಬಾಯಿಗಿಟ್ಟು ಸುಟ್ಟುಕೊಂಡ ನಾಲಿಗೆ, ‘ಕೊಪ್ಪರಿಗೆ ತಾವ ಓಗ್ಬ್ಯಾಡ ಮಗಾ’ ಎಂಬ ಗದರಿಕೆ, ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಮನೆಯ ಆಲ್ಬಮ್ಮಿನಲ್ಲಿ ಅದೇ ಅಜ್ಜನ ಫೋಟೊ ಇದೆ. ಅದನ್ನು ಎಷ್ಟು ಸಲ ನೋಡಿದರೂ ನಾಲಿಗೆ ಚುರ್ರೆನ್ನುವುದಿಲ್ಲ.

ಇದಕ್ಕೆ ಒಂದು ಕಾರಣ ತಲೆಬುರುಡೆಯ ಒಳಗಿನ ದಾರಿಯಲ್ಲೇ ಇದೆ. ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಚರ್ಮ ಮುಟ್ಟಿದ್ದು ಎಲ್ಲವೂ ಮೊದಲು ಥಲಾಮಸ್ ಎಂಬ ಠಾಣೆಯನ್ನು ಹಾದು ಆಮೇಲೆ ಮಿದುಳಿನ ಮೇಲ್ಪದರಕ್ಕೆ ಹೋಗಬೇಕು. ವಾಸನೆಗೆ ಆ ಠಾಣೆಯ ಅಪ್ಪಣೆ ಬೇಕಿಲ್ಲ. ಮೂಗಿನ ಒಳಮೇಲ್ಭಾಗದಲ್ಲಿ ಅಂಚೆಚೀಟಿಯಷ್ಟಗಲದ ಒದ್ದೆ ಪೊರೆಯೊಂದಿದೆ. ಗಾಳಿಯಲ್ಲಿ ತೇಲಿ ಬಂದ ಅಣುಗಳು ಅಲ್ಲಿನ ನರಕೋಶಗಳ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಮನುಷ್ಯರಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಅವನ್ನು ರೂಪಿಸುವ ಜೀನ್‌ಗಳ ದೊಡ್ಡ ಕುಟುಂಬವನ್ನು ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು. 2004ರಲ್ಲಿ ನೊಬೆಲ್ ಬಂತು. ಗ್ರಾಹಕದಿಂದ ಹೊರಟ ಸುದ್ದಿ ಹುಬ್ಬಿನ ಹಿಂದೆಯೇ ಇರುವ ಘ್ರಾಣಗಡ್ಡೆಗೆ, ಅಲ್ಲಿಂದ ಒಂದೆರಡೇ ಹೆಜ್ಜೆಗೆ ಅಮಿಗ್ಡಲಕ್ಕೆ ಮತ್ತು ಹಿಪ್ಪೊಕ್ಯಾಂಪಸ್ಸಿನ ಬಾಗಿಲಿಗೆ ತಲುಪುತ್ತದೆ. ಅಮಿಗ್ಡಲ ಭಯ, ಅಕ್ಕರೆ, ಅಸಹ್ಯಗಳ ಜಾಗ. ಹಿಪ್ಪೊಕ್ಯಾಂಪಸ್ ‘ಎಲ್ಲಿ, ಯಾವಾಗ, ಯಾರ ಜೊತೆ’ ಎಂಬುದನ್ನು ಹೊಸೆಯುವ ಜಾಗ. ಹಾಗಾಗಿಯೇ ವಾಸನೆಯೊಂದು ಬಡಿದಾಗ ಎದೆ ಮೊದಲು ತುಂಬಿ ಬರುತ್ತದೆ, ಅದೇನೆಂದು ತಿಳಿಯುವುದು ಆಮೇಲೆ. ‘ಇದು ಎಲ್ಲಿಯದಪ್ಪಾ’ ಎಂದು ಹುಡುಕಾಡುವ ಆ ಎರಡು ಕ್ಷಣ ಎಲ್ಲರಿಗೂ ಗೊತ್ತಿರುವಂಥದ್ದೇ.

ದಾರಿ ಹತ್ತಿರವಾದದ್ದರಿಂದಲೇ ಎಲ್ಲ ಆಯಿತು ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ಹಾಗಿದ್ದರೆ ದಿನಾ ಮೂಸುವ ಕಾಫಿಯೂ ದಿನಾ ನಮ್ಮನ್ನು ಬಾಲ್ಯಕ್ಕೆ ಒಯ್ಯಬೇಕಿತ್ತು. ಒಯ್ಯುವುದಿಲ್ಲ. ಅದು ಅಡುಗೆಮನೆ, ಆಫೀಸು, ಬಸ್ ನಿಲ್ದಾಣ, ಬೀಗರ ಮನೆ ಎಲ್ಲ ಕಡೆಯೂ ಇದ್ದು ಯಾವ ಒಂದು ದಿನಕ್ಕೂ ಸೇರದೆ ಹೋಗಿದೆ. ವಾಸನೆಯ ನೆನಪಿನ ಗುಟ್ಟು ಮೊದಲ ಭೇಟಿಯಲ್ಲಿದೆ, ಆಮೇಲೆ ಆದ ಅಗಲಿಕೆಯಲ್ಲಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಒಂದೇ ವಸ್ತುವಿನ ಚಿತ್ರವನ್ನು ಮೊದಲೊಂದು ವಾಸನೆಯ ಜೊತೆ, ಆಮೇಲೆ ಇನ್ನೊಂದರ ಜೊತೆ ತೋರಿಸಿದರು. ವಾರ ಕಳೆದು ಅದೇ ಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಮೊದಲು ಜೊತೆಯಾದ ವಾಸನೆಗೇ ಹಿಪ್ಪೊಕ್ಯಾಂಪಸ್ಸಿನಲ್ಲಿ ವಿಶೇಷ ಗುರುತು ಉಳಿದಿತ್ತು. ಶಬ್ದದೊಂದಿಗೆ ಮಾಡಿದ ಇದೇ ಪರೀಕ್ಷೆಯಲ್ಲಿ ಮೊದಲು ಬಂದದ್ದಕ್ಕೆ ಆ ಮರ್ಯಾದೆ ಸಿಗಲಿಲ್ಲ.

ಊದುಬತ್ತಿಯನ್ನೇ ತೆಗೆದುಕೊಳ್ಳಿ. ಮೈಸೂರಿನಲ್ಲಿ ಹೊಸೆದ ಅದೇ ಬತ್ತಿ ಒಬ್ಬರಿಗೆ ಶುಕ್ರವಾರದ ಪೂಜೆ, ತಲೆಗೆ ಎರೆದುಕೊಂಡ ಹಗುರ. ಇನ್ನೊಬ್ಬರಿಗೆ ಅದರ ಹೊಗೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳೆಸುತ್ತದೆ. ಅವರು ಚಿಕ್ಕಂದಿನಲ್ಲಿ ಅದನ್ನು ಮೊದಲು ಕಂಡದ್ದು ಹಾರಗಳ ನಡುವೆ ಮಲಗಿಸಿದ್ದ ಅಪ್ಪನ ತಲೆಯ ಬಳಿ. ಬತ್ತಿಯಲ್ಲಿ ತಪ್ಪೇನಿಲ್ಲ. ನೋವಿನ ಮುಲಾಮುಗಳಲ್ಲಿರುವ ವಿಂಟರ್‌ಗ್ರೀನ್ ಎಣ್ಣೆಯ ಕಥೆಯೂ ಇದೇ. ಹಿಂದೆ ನಡೆದ ಸಮೀಕ್ಷೆಗಳಲ್ಲಿ ಬ್ರಿಟನ್ನಿನವರು ಅದನ್ನು ತೀರಾ ಕೆಟ್ಟ ವಾಸನೆಗಳ ಸಾಲಿಗೆ ಹಾಕಿದರೆ ಅಮೆರಿಕದವರು ಇಷ್ಟಪಟ್ಟರು. ಬ್ರಿಟನ್ನಿನವರಿಗೆ ಅದು ಔಷಧಿಯದು, ಅಮೆರಿಕದವರಿಗೆ ಮಿಠಾಯಿಯದು. ವಾಸನೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಅದು ನಮಗೆ ಮೊದಲು ಸಿಕ್ಕಿದ ಮನೆ.

ಮೊದಲು ಎಂದರೆ ಎಷ್ಟು ಮೊದಲು? ಸ್ವೀಡನ್ನಿನ ಯೋಹಾನ್ ವಿಲಾಂಡರ್ ಮತ್ತು ಮರಿಯಾ ಲಾರ್ಸನ್ 65 ದಾಟಿದ ಹಿರಿಯರಿಗೆ ಕೆಲವು ಪದಗಳನ್ನು, ಚಿತ್ರಗಳನ್ನು, ವಾಸನೆಗಳನ್ನು ಕೊಟ್ಟು ‘ಏನು ನೆನಪಾಯಿತು ಹೇಳಿ’ ಎಂದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಪದ ಮತ್ತು ಚಿತ್ರ ಕೊಟ್ಟಾಗ ಹೆಚ್ಚಾಗಿ ಬಂದದ್ದು ಹನ್ನೊಂದರಿಂದ ಇಪ್ಪತ್ತರ ವಯಸ್ಸಿನ ನೆನಪುಗಳು. ವಾಸನೆ ಕೊಟ್ಟಾಗ ಬಂದದ್ದು ಹತ್ತು ತುಂಬುವುದಕ್ಕೂ ಮುಂಚಿನವು. ಹೈಸ್ಕೂಲು, ಕಾಲೇಜು, ಮೊದಲ ಪ್ರೇಮ ಇವುಗಳೆಲ್ಲ ಮಾತಿಗೂ ಫೋಟೊಗೂ ಸಿಗುತ್ತವೆ. ಒಂದನೇ ಕ್ಲಾಸಿನ ಸ್ಲೇಟು, ಮಳೆಗೆ ನೆನೆದ ಗೋಣಿಕೊಪ್ಪೆ, ಸಂಕ್ರಾಂತಿ ಸಂಜೆ ಕಿಚ್ಚು ಹಾಯುವ ಎತ್ತುಗಳ ಮೈಯ ಅರಿಶಿನ ಮತ್ತು ಸುಟ್ಟ ಹುಲ್ಲು, ಧನುರ್ಮಾಸದ ಅವರೆಕಾಯಿ ಸೊಗಡು ಇವು ಮೂಗಿನ ಪಾಲು.

ಹತ್ತು ವರ್ಷ ಎಂಬುದೂ ಆಚೆಯ ಗಡಿ ಮಾತ್ರ. ಈಚೆಯ ಗಡಿ ಬಸಿರಿನೊಳಗೇ ಇದೆ. ಬಸಿರಿನಲ್ಲಿ ಸೋಂಪು ತಿಂದ ತಾಯಂದಿರ ಮಕ್ಕಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸೋಂಪಿನ ವಾಸನೆಗೆ ಮುಖ ತಿರುಗಿಸಿ ಬಾಯಿ ಚಪ್ಪರಿಸಿದ್ದನ್ನು ಫ್ರಾನ್ಸಿನ ಸಂಶೋಧಕರು 2000ದಲ್ಲಿ ವರದಿ ಮಾಡಿದರು. ಹಾಗಾದರೆ ನಮ್ಮ ಬಾಣಂತಿ ಕೋಣೆಯಲ್ಲಿ ಏನೇನು ನಡೆಯುತ್ತಿರಬಹುದು! ಬೆಳ್ಳುಳ್ಳಿ, ಮೆಂತ್ಯ, ಓಮ, ಬಜೆ, ಹರಳೆಣ್ಣೆ, ನೀರು ಹಾಕಿದ ಮೇಲೆ ಕೆಂಡಕ್ಕೆ ಉದುರಿಸಿದ ಸಾಂಬ್ರಾಣಿ. ಮಗು ಅಮ್ಮನ ಮುಖವನ್ನು ಸರಿಯಾಗಿ ಕಾಣುವುದಕ್ಕೆ ಮೊದಲೇ ಇಷ್ಟನ್ನೂ ಮೂಸಿ ಮುಗಿಸಿರುತ್ತದೆ. ಐವತ್ತರ ಗಂಡಸರು ಎಲ್ಲೋ ಸಾಂಬ್ರಾಣಿ ಹೊಗೆ ಕಂಡು ಕಾರಣ ಗೊತ್ತಾಗದೆ ಮೆತ್ತಗಾಗುವುದು ಇದರಿಂದಲೇ ಎಂಬುದು ನನ್ನ ಊಹೆ.

ಈಗ ಆಲೆಮನೆಯೊಳಗೆ ಹೋಗೋಣ. ಗಾಣದಿಂದ ಬಿದ್ದ ಕಬ್ಬಿನ ಹಾಲಿಗೆ ಹಸಿ ಹುಲ್ಲಿನ ವಾಸನೆ. ಕೊಪ್ಪರಿಗೆಗೆ ಸುರಿದು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತುರುಕುತ್ತಾರೆ. ಹಾಲು ಬಿಸಿಯಾದಂತೆ ಸುಣ್ಣದ ತಿಳಿ ಬೀಳುತ್ತದೆ, ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆ ಬೀಳುತ್ತದೆ; ಕಲ್ಮಷವೆಲ್ಲ ಕಪ್ಪು ಹಸಿರು ಮಡ್ಡಿಯಾಗಿ ಮೇಲೇಳುತ್ತದೆ. ಆ ಹೊತ್ತಿಗೆ ವಾಸನೆ ಅಷ್ಟೇನೂ ಚೆನ್ನಾಗಿರುವುದಿಲ್ಲ, ಬೇಯುತ್ತಿರುವ ಸೊಪ್ಪಿನಂತೆ ಇರುತ್ತದೆ. ಮಡ್ಡಿ ತೆಗೆದ ಮೇಲೆ ನೊರೆ ಉಕ್ಕತೊಡಗುತ್ತದೆ. ತುಸು ಹರಳೆಣ್ಣೆ ಚಿಮುಕಿಸಿದರೆ ಗದರಿಸಿದಂತೆ ತಗ್ಗುತ್ತದೆ. ಕೊನೆಯ ಅರ್ಧ ಗಂಟೆ ನೋಡಬೇಕು. ಗುಳ್ಳೆಗಳು ದಪ್ಪಗಾಗುತ್ತವೆ, ಸದ್ದು ಬದಲಾಗುತ್ತದೆ, ಬಣ್ಣ ಜೇನಿನಿಂದ ಕೆಂಪಿಗೆ ತಿರುಗುತ್ತದೆ. ಪಾಕ ನೋಡುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ‘ಹದ ಬಂತು’ ಎನ್ನುತ್ತಾನೆ. ರಸ್ತೆಗೆ ಬರುವ ವಾಸನೆ ಆ ಅರ್ಧ ಗಂಟೆಯದು.

ಅಷ್ಟೊತ್ತು ಸುಮ್ಮನಿದ್ದ ಸಿಹಿ ಆಗ ಮಾತ್ರ ಯಾಕೆ ಘಮ್ಮೆನ್ನುತ್ತದೆ? ಸಕ್ಕರೆಗೆ ವಾಸನೆಯೇ ಇಲ್ಲ. ಬೇಕಾದರೆ ಡಬ್ಬಿ ತೆಗೆದು ಮೂಸಿ ನೋಡಿ. ನೀರು ಇರುವ ತನಕ ಹಾಲಿನ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ನೀರು ಆರಿದಂತೆ ಅದು ಮೇಲೇರುತ್ತಾ 118 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಬಂದಾಗ ಬೆಲ್ಲದ ಹದ. ಈ ಕೊನೆಯ ಏರಿನಲ್ಲಿ ಕಬ್ಬಿನ ಹಾಲಿನಲ್ಲಿರುವ ಅಮೈನೊ ಆಮ್ಲಗಳೂ ಸಕ್ಕರೆಯ ಕೆಲವು ಬಗೆಗಳೂ ಒಂದರೊಡನೊಂದು ಕೂಡಿ ನೂರಾರು ಹೊಸ ಅಣುಗಳಾಗುತ್ತವೆ. ಹುರಿದ ಕಡಲೆಕಾಯಿಗೆ, ಕೆಂಪಗೆ ಬೆಂದ ರೊಟ್ಟಿಗೆ ಘಮ ಬರುವುದೂ ಇದೇ ಬಗೆಯ ಕೂಡಿಕೆಯಿಂದ. ಮೈಲಾರ್ಡ್ ಕ್ರಿಯೆ ಎಂದು ಅದರ ಹೆಸರು. ಸಕ್ಕರೆ ಕಾರ್ಖಾನೆಯಲ್ಲಿ ಬೇಡವಾದದ್ದೇ ಇದು. ಅಲ್ಲಿ ಗಾಳಿ ಹೀರಿ ತೆಗೆದ ಮುಚ್ಚಿದ ಪಾತ್ರೆಯಲ್ಲಿ ಎಪ್ಪತ್ತರ ಆಸುಪಾಸಿನಲ್ಲೇ ಕುದಿಸಿ, ಬಣ್ಣವಾಗಲೀ ವಾಸನೆಯಾಗಲೀ ಹುಟ್ಟದಂತೆ ನೋಡಿಕೊಳ್ಳುತ್ತಾರೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಇರಲಿ, ಪಾಂಡವಪುರದ ಸಹಕಾರಿ ಕಾರ್ಖಾನೆ ಇರಲಿ, ಅವುಗಳ ಸುತ್ತ ಬೆಳೆದವರ ಮೂಗಿನಲ್ಲಿರುವುದು ಬೆಲ್ಲವಲ್ಲ. ಕಾಕಂಬಿ, ಹುಳಿತ ಮಡ್ಡಿ, ಲಾರಿ ಸಾಲಿನ ಡೀಸೆಲ್. ಅದನ್ನೂ ಪ್ರೀತಿಯಿಂದ ನೆನೆಯುವವರಿದ್ದಾರೆ. ಬೇರೆಯವರು ಮೂಗು ಮುಚ್ಚಿಕೊಳ್ಳುವ ಕಡೆ ಮಂಡ್ಯದವರು ‘ಊರು ಬಂತು’ ಎಂದು ಬ್ಯಾಗು ಇಳಿಸಿಕೊಳ್ಳುತ್ತಾರೆ.

ಬೆಲ್ಲದ ಘಮದ ನೂರಾರು ಅಣುಗಳಲ್ಲಿ ಒಂದರ ಹೆಸರು ಸೊಟೊಲೋನ್. ಶುದ್ಧೀಕರಿಸದ ಕಬ್ಬಿನ ಸಕ್ಕರೆಯ ಪರಿಮಳಕ್ಕೆ ಇದು ಮುಖ್ಯವೆಂದು ಜಪಾನಿನ ವಿಜ್ಞಾನಿಗಳು 1980ರ ಹೊತ್ತಿಗೆ ಗುರುತಿಸಿದ್ದರು. ವಿಚಿತ್ರವೆಂದರೆ ಮೆಂತ್ಯದ ಕಾಳಿಗೆ ಅದರ ವಾಸನೆ ಬರುವುದೂ ಇದೇ ಅಣುವಿನಿಂದ. ಕಡಿಮೆ ಇದ್ದರೆ ಕೆಂಪು ಪಾಕ, ಜಾಸ್ತಿಯಾದರೆ ಮೆಂತ್ಯ! 2005ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ನಗರದ ಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಸಿಹಿ ವಾಸನೆ ಕವಿಯಿತು. ಸಹಾಯವಾಣಿಗೆ ಕರೆ ಮೇಲೆ ಕರೆ. ಮೇಪಲ್ ಮರದ ಪಾಕದ ವಾಸನೆ ಎಂದರು ಜನ. ಅವರಿಗೆ ಮೊದಲು ದಕ್ಕಿದ್ದು ಅದು, ಬೆಳಗಿನ ತಿಂಡಿಯ ದೋಸೆಯ ಮೇಲೆ ಸುರಿದುಕೊಳ್ಳುವುದು. ಮತ್ತೆ ಮತ್ತೆ ಬಂದು ಹೋಗುತ್ತಿದ್ದ ಈ ವಾಸನೆಯ ಮೂಲ 2009ರಲ್ಲಿ ಗೊತ್ತಾಯಿತು: ನದಿಯಾಚೆಯ ನ್ಯೂಜೆರ್ಸಿಯಲ್ಲಿ ಮೆಂತ್ಯ ಸಂಸ್ಕರಿಸುತ್ತಿದ್ದ ಕಾರ್ಖಾನೆ. ಆ ಸಂಜೆ ಮ್ಯಾನ್‌ಹಟನ್ನಿನ ಯಾವುದೋ ಮೂಲೆಯಲ್ಲಿ ಪಾಂಡವಪುರದ ಹುಡುಗನೊಬ್ಬ ಇದ್ದಿದ್ದರೆ ಸಹಾಯವಾಣಿಗಲ್ಲ, ಅಮ್ಮನಿಗೆ ಫೋನು ಮಾಡುತ್ತಿದ್ದ.

ಇದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಪುಳಿಯೋಗರೆ ಗೊಜ್ಜು ಕಾಯಿಸುವ ಮನೆಗಳ ಮುಂದೆ ನಿಂತರೆ ಬೆಲ್ಲ, ಮೆಂತ್ಯ ಎರಡೂ ಒಂದೇ ಬಾಣಲೆಯಲ್ಲಿ ಸಿಗುತ್ತವೆ. ಹುಣಸೆ ರಸ ಕುದ್ದು ಇಂಗುತ್ತಿರುವಾಗ ಬೆಲ್ಲ ಬೀಳುತ್ತದೆ, ಹುರಿದ ಮೆಂತ್ಯ ಮೆಣಸಿನ ಪುಡಿ ಬೀಳುತ್ತದೆ, ಎಳ್ಳೆಣ್ಣೆ ಅಂಚಿಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿನ ವೈರಮುಡಿ ಉತ್ಸವಕ್ಕೆ ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ಬಂದವರಿಗೆ ಆ ಘಮವೇ ಚೆಲುವನಾರಾಯಣ. ಉತ್ಸವದ ರಾತ್ರಿಯ ಕಿರೀಟ ಕಂಡದ್ದು ಆಮೇಲೆ ಜನರ ತಲೆಗಳ ಮೇಲಿಂದ, ಅರೆಬರೆ. ಮೆಂತ್ಯದ ಇನ್ನೊಂದು ಸಂಗತಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಅದರ ವಾಸನೆ ತಿಂದವರ ಬೆವರಿಗೂ ಬರುತ್ತದೆ. ತಾಯಿ ಮೆಂತ್ಯ ತೆಗೆದುಕೊಂಡಿದ್ದರಿಂದ ಕೂಸಿನ ಮೈಯೂ ಪಾಕದಂತೆ ಘಮ್ಮೆಂದು, ಮೂತ್ರಕ್ಕೆ ಅದೇ ವಾಸನೆ ಬರುವ ಅಪರೂಪದ ಆನುವಂಶಿಕ ಕಾಯಿಲೆ ಇರಬಹುದೇ ಎಂದು ವಿದೇಶದ ವೈದ್ಯರು ಗಾಬರಿಯಾದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೆ ‘ಮೆಂತ್ಯದ ಮುದ್ದೆ ತಿಂದವ್ಳೆ ಬಿಡಿ’ ಎಂದು ಮುಗಿಸುತ್ತಿದ್ದರು.

ವಾಸನೆ ತಂದುಕೊಟ್ಟ ನೆನಪು ನಿಜವೇ? ಇದು ಸ್ವಲ್ಪ ಕಹಿ ಪ್ರಶ್ನೆ. ಈ ವಿಷಯದಲ್ಲಿ ದಶಕಗಳ ಕಾಲ ದುಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ರೇಚಲ್ ಹರ್ಟ್ಜ್ ಕಂಡುಕೊಂಡದ್ದು, ಇಂಥ ನೆನಪುಗಳಿಗೆ ಭಾವದ ತೀವ್ರತೆ ಹೆಚ್ಚು, ಅಷ್ಟರಿಂದ ಖಚಿತತೆ ಹೆಚ್ಚಾಗದು ಎಂಬುದನ್ನು. ಅಜ್ಜ ಅಂದು ಹಾಕಿಕೊಂಡಿದ್ದು ಕೆಂಪು ಟವಲೋ ಹಸಿರೋ ಎಂಬ ತಕರಾರಿನಲ್ಲಿ ಮೂಗಿನ ಸಾಕ್ಷ್ಯ ನಡೆಯುವುದಿಲ್ಲ. ಆದರೂ ಮೂಗು ಬರೀ ಮೋಸಗಾರನಲ್ಲ. ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಯಾರ್ವಿಕ್ ವೈಕಿಂಗ್ ಸಂಗ್ರಹಾಲಯದಲ್ಲಿ ಹಳೆಯ ಕಾಲದ ಬೀದಿಯನ್ನು ಅದರ ನಾತಗಳ ಸಮೇತ ಮರುಸೃಷ್ಟಿಸಿದ್ದಾರೆ. ವರ್ಷಗಳ ಹಿಂದೆ ಅದನ್ನು ನೋಡಿ ಬಂದಿದ್ದವರಿಗೆ ಅವೇ ವಾಸನೆಗಳನ್ನು ಮೂಸಿಸಿ ಪ್ರಶ್ನೆ ಕೇಳಿದಾಗ ಅಲ್ಲಿ ಕಂಡದ್ದನ್ನು ಹೆಚ್ಚು ಸರಿಯಾಗಿ ಹೇಳಿದರು. 1999ರಲ್ಲಿ ಇದು ಪ್ರಕಟವಾಯಿತು. ಎಂದರೆ ಒಳಗೆ ಇದ್ದದ್ದನ್ನು ಹೊರಗೆಳೆಯಲು ವಾಸನೆ ಬಲ್ಲದು, ಇಲ್ಲದ್ದನ್ನು ತುಂಬಿಕೊಳ್ಳಲು ನಾವು ಬಲ್ಲೆವು.

ಮೊದಲ ಭೇಟಿ, ಆಮೇಲಿನ ಅಗಲಿಕೆ ಎಂಬ ಲೆಕ್ಕದಲ್ಲಿ ನೋಡಿದರೆ ಆಲೆಮನೆಯ ನೆನಪು ಆಲೆಮನೆಯಲ್ಲೇ ಇರುವವರಿಗೆ ದಕ್ಕುವಂಥದ್ದಲ್ಲ. ಒಲೆಯ ಮುಂದೆ ಕೂತಿದ್ದ ಮಾಲೀಕರನ್ನು ವಾಸನೆಯ ಬಗ್ಗೆ ಕೇಳಿದೆ. ‘ನಮ್ಗೇನ್ ವಾಸ್ನೆ ಸಾ? ಗೊತ್ತೇ ಆಗಕ್ಕಿಲ್ಲ. ಸೀದೋದ್ರೆ ಮಾತ್ರ ಗೊತ್ತಾಯ್ತದೆ’ ಎಂದರು. ಮೂಗು ಹಾಗೆಯೇ, ಬದಲಾಗದ ವಾಸನೆಯನ್ನು ಕೆಲವೇ ನಿಮಿಷಗಳಲ್ಲಿ ಪಕ್ಕಕ್ಕೆ ಸರಿಸಿ, ಬದಲಾದದ್ದಕ್ಕಾಗಿ ಕಾದು ಕೂರುತ್ತದೆ. ಕೊಪ್ಪರಿಗೆಯ ಬಳಿ ಇದ್ದವನು ಉತ್ತರ ಪ್ರದೇಶದಿಂದ ಬಂದ ಕೂಲಿಯಾಳು. ಮಂಡ್ಯ ಸೀಮೆಯ ಎಷ್ಟೋ ಆಲೆಮನೆಗಳು ಇಂದು ನಡೆಯುತ್ತಿರುವುದು ಅವರ ಕೈಗಳಿಂದಲೇ. ಅವನ ಊರಿನಲ್ಲೂ ಕಬ್ಬಿದೆ, ಗಾಣವಿದೆ. ಅಲ್ಲಿನ ಬೆಲ್ಲವೂ ಹೀಗೇ ಘಮಘಮಿಸುತ್ತದಲ್ಲವೇ ಎಂದರೆ ಅವನು ತಲೆಯನ್ನು ಅಡ್ಡಕ್ಕೆ ಆಡಿಸಿದ: ಅದೇ ಬೇರೆ, ಇದೇ ಬೇರೆ. ನನ್ನ ಮೂಗಿಗೆ ಆ ವ್ಯತ್ಯಾಸ ಎಂದಿಗೂ ಸಿಗಲಾರದು. ಅವನ ಮೊದಲ ಕೊಪ್ಪರಿಗೆ ಅಲ್ಲಿತ್ತು.

ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ ತಮ್ಮ ಮೊದಲ ಸಂಕಲನಕ್ಕೆ ಮಲ್ಲಿಗೆಯ ಹೆಸರಿಟ್ಟಾಗ ಈ ಸೀಮೆಯ ಓದುಗರಿಗೆ ಆ ಪರಿಮಳವನ್ನು ಯಾರೂ ವಿವರಿಸಬೇಕಿರಲಿಲ್ಲ. ಈಗ ಆ ಹೂವಿನ ಹೆಸರು ಹೇಳಿದರೆ ಕಾರಿನೊಳಗೆ ತೂಗಾಡುವ ಸುಗಂಧದ ಬಿಲ್ಲೆ ನೆನಪಾಗುವ ಮಕ್ಕಳಿದ್ದಾರೆ. ಬೆಲ್ಲದ ಕಥೆಯೂ ಅದೇ ದಾರಿಯಲ್ಲಿದೆ. ಕೂಲಿ, ಕಬ್ಬಿನ ದರ, ಬೆಲ್ಲದ ಧಾರಣೆ ಇವುಗಳ ನಡುವೆ ಎಷ್ಟೋ ಆಲೆಮನೆಗಳು ಮುಚ್ಚಿವೆ. ಪೇಟೆಗೆ ಹಳದಿ ಬೆಲ್ಲವೇ ಬೇಕೆಂದು ಹೈಡ್ರೋಸ್ ಎಂಬ ಬಿಳುಪುಕಾರಕ ಸೇರಿಸುತ್ತಾರೆ. ಅದು ಕಣ್ಣಿಗೆ ಚೆಂದ, ಮೂಗಿಗೆ ತುಸು ಗಂಧಕ. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳು ರಾಸಾಯನಿಕವಿಲ್ಲದ ಕೆಂಪು ಬೆಲ್ಲದ ಪರವಾಗಿದ್ದಾರೆ. ಕೊಳ್ಳುವವರು ಇನ್ನೂ ಬಣ್ಣ ನೋಡಿಯೇ ಚೌಕಾಸಿ ಮಾಡುತ್ತಾರೆ.

ವಾಸನೆಯೇ ಇಲ್ಲದ ಬದುಕು ಹೇಗಿರುತ್ತದೆಂದು 2020ರ ನಂತರ ನಮ್ಮಲ್ಲಿ ಅನೇಕರಿಗೆ ಗೊತ್ತಾಯಿತು. ಕೋವಿಡ್ ವೈರಾಣು ವಾಸನೆಯ ನರಕೋಶಗಳಿಗಿಂತ ಹೆಚ್ಚಾಗಿ ಅವುಗಳ ಪಕ್ಕದ ಪೋಷಕ ಕೋಶಗಳನ್ನು ಹಾಳುಗೆಡವಿತ್ತು. ಬಹುತೇಕರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿತು, ಕೆಲವರಿಗೆ ತಿರುಚಿಕೊಂಡು ಬಂತು. ಒಗ್ಗರಣೆ ಹಾಕಿದರೆ ಸುಟ್ಟ ರಬ್ಬರು ಮೂಸಿದಂತಾಗುತ್ತಿತ್ತು. ವಾಸನೆಯನ್ನು ಮರಳಿ ಪಡೆಯಲು ಮಾಡುವ ಅಭ್ಯಾಸ ತೀರಾ ಸರಳ. ಜರ್ಮನಿಯ ಡ್ರೆಸ್ಡನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆರಡು ಬಾರಿ ಹನ್ನೆರಡು ವಾರ ಗಮನವಿಟ್ಟು ಮೂಸಬೇಕು. ಎಲ್ಲರಿಗೂ ಅಲ್ಲದಿದ್ದರೂ ಅನೇಕರಿಗೆ ಗುಣ ಕಾಣುತ್ತದೆ. ಘ್ರಾಣದ ನರಕೋಶಗಳು ಬದುಕಿರುವ ತನಕ ಹಳೆಯವು ಉದುರಿ ಹೊಸವು ಹುಟ್ಟುತ್ತಲೇ ಇರುತ್ತವೆ, ಆ ಹೊಸವಕ್ಕೆ ಪಾಠ ಬೇಕು. ಇಲ್ಲಿನ ಮನೆಗಳಲ್ಲಿ ಆ ನಾಲ್ಕರ ಜೊತೆ ಒಂದಚ್ಚು ಕೆಂಪು ಬೆಲ್ಲವನ್ನೂ ಇಟ್ಟುಕೊಂಡರೆ ತಪ್ಪೇನಿಲ್ಲ ಎನ್ನುತ್ತೇನೆ, ಇದಕ್ಕೆ ಪ್ರಯೋಗದ ಆಧಾರ ಕೇಳಬೇಡಿ.

ಆ ಕೋವಿಡ್ ಕಾಲದಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳಿಗೆ ಶಾಲೆಯ ಮೊದಲ ವಾಸನೆ ಸೀಮೆಸುಣ್ಣದ್ದಲ್ಲ, ಬಾಗಿಲಲ್ಲಿ ಅಂಗೈಗೆ ಹಾಕಿದ ಸ್ಯಾನಿಟೈಸರಿನದು. ದೊಡ್ಡವರಿಗೆ ಅದು ಭಯದ, ಆಸ್ಪತ್ರೆಯ, ಸಾವಿನ ಸುದ್ದಿಗಳ ವಾಸನೆ. ಆ ಮಕ್ಕಳಿಗೆ ಅದರ ಜೊತೆ ಹೊಸ ಬ್ಯಾಗು, ಹೊಸ ಗೆಳೆಯ, ತಿಂಗಳುಗಟ್ಟಲೆ ಮನೆಯಲ್ಲಿ ಕೂತ ಮೇಲೆ ಸಿಕ್ಕ ಬಯಲು ಸೇರಿಕೊಂಡಿರಬಹುದು. 2070ರಲ್ಲಿ ಎಲ್ಲೋ ಒಂದು ಹಳೆಯ ಬಾಟಲಿಯ ಮುಚ್ಚಳ ತೆಗೆದು ಮೂಸಿ ಅವರು ಖುಷಿಯಿಂದ ಅತ್ತರೆ ಪಕ್ಕದಲ್ಲಿರುವ ಮೊಮ್ಮಕ್ಕಳಿಗೆ ಏನೊಂದೂ ಅರ್ಥವಾಗುವುದಿಲ್ಲ.